ಬಾಲ್ಕನಿಯಿಂದ ಒಂದು ಕೂಗು

ತವರಿನಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಮೈಕು. ಮಹಡಿಯಿಂದ ಒಮ್ಮೆ ಕೂಗಿದರೆ ಸಾಕು, ಬೀದಿಯ ತುದಿಯ ಸೈಕಲ್ ಅಂಗಡಿಯಲ್ಲಿ ಕೂತ ಅಪ್ಪ ಊಟಕ್ಕೆ ಎದ್ದು ಬರುತ್ತಿದ್ದ. ತರಕಾರಿಯವನು ಗಾಡಿ ನಿಲ್ಲಿಸುತ್ತಿದ್ದ. ಪಕ್ಕದ ಮನೆ ಚಿಕ್ಕಮ್ಮ ಬೇಕಾದ್ದನ್ನು ಹಿಡಿದುಕೊಂಡೇ ಬರುತ್ತಿದ್ದಳು. ಇದೊಂದು ಸುಖ ಅಂತ ಅವಳಿಗೆ ಹೊಳೆದದ್ದೇ ಇಲ್ಲ. ಬಾಯಿದೆ, ಕೂಗುತ್ತೇವೆ, ಜನ ಬರುತ್ತಾರೆ, ಅದರಲ್ಲೇನು ಮಹಾ!

ಮದುವೆಯಾಗಿ ಪರದೇಶಕ್ಕೆ ಬಂದ ದಿನವೇ ಅವಳ ಬಾಯಿಗೆ ಬೀಗ ಬಿತ್ತು. ಗಂಡ ಅಲ್ಲಿ ಬಸ್ ಓಡಿಸುತ್ತಿದ್ದ, ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಅವನು ಪಿಸುಗುಟ್ಟಿದ.

“ಮೆಲ್ಲಗೆ ಮಾತಾಡೇ. ಇಲ್ಲಿಯವರಿಗೆ ಗಲಾಟೆ ಅಂದ್ರೆ ಆಗಲ್ಲ. ಕೆಳಗಿನ ಮನೆ ಅಜ್ಜಿ ಒಂದು ದೂರು ಕೊಟ್ರೆ ಸಾಕು, ಮನೆ ಖಾಲಿ ಮಾಡ್ಬೇಕಾಗುತ್ತೆ. ಇನ್ನೊಂದು ಮನೆ ಎಲ್ಲಿ ಹುಡುಕ್ಲಿ?”

ಪಾಪ, ಹುಡುಗಿ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಬೆಕ್ಕಿನಂತೆ ನಡೆದಳು, ಸೀನು ಬಂದರೆ ದಿಂಬಿಗೆ ಮುಖ ಒತ್ತಿದಳು. ಮೆಟ್ಟಿಲಲ್ಲಿ ಅಜ್ಜಿ ಎದುರಾದರೆ ತಲೆ ತಗ್ಗಿಸಿ ಗೋಡೆಗೆ ಅಂಟಿಕೊಂಡು ಜಾರಿಕೊಳ್ಳುತ್ತಿದ್ದಳು. ಫೋನಿನಲ್ಲಿ ಅಮ್ಮ, “ಯಾಕೇ, ಗಂಟಲು ಕಟ್ಟಿದ್ಯಾ? ಅಥವಾ ಅಳಿಯಂದಿರು ಬೈದ್ರಾ?” ಅಂತ ಕೇಳಿದರೆ ಅಳು ನುಂಗಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಒಲೆಯ ಮೇಲೆ ಹಾಲಿಟ್ಟು, ಒದ್ದೆ ಟವೆಲ್ ಹರವಲು ಬಾಲ್ಕನಿಗೆ ಬಂದಳು. ಗಾಳಿ ಬೀಸಿತು, ಬಾಗಿಲು ದಬ್ಬನೆ ಹಾಕಿಕೊಂಡಿತು. ತವರಿನ ಬಾಗಿಲುಗಳು ಒದ್ದರೂ ಸರಿಯಾಗಿ ಮುಚ್ಚುವವಲ್ಲ; ಈ ಬಾಗಿಲಿಗೆ ತಾನಾಗಿಯೇ ಬೀಗ ಬೀಳುತ್ತಿತ್ತು. ಫೋನು ಒಳಗೆ, ಮೇಜಿನ ಮೇಲೆ. ಗಾಜಿನಾಚೆ ಒಲೆ ಉರಿಯುತ್ತಿತ್ತು, ಹಾಲು ಮೇಲೇರುತ್ತಿತ್ತು.

“ಹಲೋ... ಸ್ವಲ್ಪ ಕೇಳ್ತೀರಾ...” ಅಂದಳು. ಆ ದನಿ ಕಂಬಿಯ ಮೇಲಿದ್ದ ಪಾರಿವಾಳಗಳಿಗೂ ಕೇಳಲಿಲ್ಲ.

ಕೂಗಿದರೆ ಮನೆ ಹೋಗುತ್ತದೆ. ಕೂಗದಿದ್ದರೆ ಬೆಂಕಿ ಹತ್ತಿ ಕಟ್ಟಡವೇ ಹೋಗುತ್ತದೆ. ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಕಷ್ಟಪಟ್ಟು ಕಲಿತಿದ್ದ ಅಲ್ಲಿಯ ನಾಲ್ಕು ಮಾತೂ ಮರೆತುಹೋದವು.

“ಯಾರಾದ್ರೂ ಬರ್ರೋ! ಹಾಲು ಉಕ್ತಿದೆ! ಬಾಗಿಲು ಹಾಕ್ಕೊಂಡ್ಬಿಟ್ಟಿದೆ!”

ಪಾರಿವಾಳಗಳು ಎದ್ದೆವೋ ಬಿದ್ದೆವೋ ಅಂತ ಹಾರಿದವು. ಎದುರು ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದವು. ಕೆಳಗಿನ ಕಿಟಕಿಯಿಂದ ಅಜ್ಜಿಯ ತಲೆ ಹೊರಬಂತು. ಇವಳು ಬಾಗಿಲು ತೋರಿಸಿದಳು, ಒಲೆಯ ಕಡೆ ಕೈ ಮಾಡಿದಳು. ಅಜ್ಜಿ ಎರಡೂ ಕೈ ಬಾಯಿಗಿಟ್ಟುಕೊಂಡು ಅಂಗಳದ ವಾಚ್‌ಮನ್‌ನನ್ನು ಕೂಗಿದಳು ನೋಡಿ, ಮೈಕು ದಂಗಾಗಿಹೋದಳು. ಅಂಥ ಗಂಟಲು ಅವಳ ವಂಶದಲ್ಲೇ ಇರಲಿಲ್ಲ!

ವಾಚ್‌ಮನ್ ಬೀಗದ ಕೈ ಗೊಂಚಲು ಹಿಡಿದು ಓಡಿಬಂದ. ಹಿಂದೆಯೇ ಅಜ್ಜಿ, ಅಕ್ಕಪಕ್ಕದವರು. ಒಬ್ಬರು ಒಲೆ ಆರಿಸಿದರು, ಇನ್ನೊಬ್ಬರು ಬಾಲ್ಕನಿಯ ಬಾಗಿಲು, ಕಿಟಕಿ ತೆರೆದರು, ಮತ್ತೊಬ್ಬಳು ಕರಟಿದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟಳು. ಪುಟ್ಟ ಅಡಿಗೆಮನೆ ತುಂಬಿಹೋಯಿತು, ಥೇಟ್ ತವರಿನ ಹಾಗೆ.

“ಕೂಗಿಬಿಟ್ಟೆ, ತಪ್ಪಾಯ್ತು,” ಅಂತ ಅಲ್ಲಿಯ ಭಾಷೆಯಲ್ಲಿ ತೊದಲುತ್ತ ಅಜ್ಜಿಗೆ ಕೈಮುಗಿದಳು.

ಅಜ್ಜಿ ತನ್ನ ಭಾಷೆಯಲ್ಲೇ, ಅವಳಿಗೆ ತಿಳಿಯುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. “ಮೇಲಿನ ಮನೆ ಹುಡುಗಿಗೆ ಜಂಬ, ನಮ್ಮ ಹತ್ರ ಮಾತೇ ಆಡಲ್ಲ ಅಂದ್ಕೊಂಡಿದ್ವಿ. ಇಷ್ಟೊಳ್ಳೆ ಗಂಟಲಿದೆ, ಯಾಕಮ್ಮ ಮುಚ್ಚಿಟ್ಕೊಂಡಿದ್ದೆ?”

ಮೈಕು ನಗುತ್ತ ನಗುತ್ತಲೇ ಅತ್ತುಬಿಟ್ಟಳು. ಪರದೇಶಕ್ಕೆ ಬಂದಮೇಲೆ ಅವಳಿಗೆ ಅಷ್ಟು ಹಗುರವೆನಿಸಿದ್ದು ಅದೇ ಮೊದಲು.

ಸಂಜೆ ಗಂಡ ಅಂಗಳಕ್ಕೆ ಕಾಲಿಡುವುದೇ ತಡ, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಬಾಲ್ಕನಿಯಲ್ಲಿ ಕಾಯುತ್ತಿದ್ದವಳು ಅಲ್ಲಿಯ ಭಾಷೆಯಲ್ಲೇ ಕೂಗಿದಳು. “ರೀ! ಹಾಲು ತನ್ನಿ!”

ಅವನು ಬೆಚ್ಚಿಬಿದ್ದು, ತುಟಿಯ ಮೇಲೆ ಬೆರಳಿಟ್ಟು, ಕೆಳಗಿನ ಕಿಟಕಿಯ ಕಡೆ ನೋಡಿದ. ಕಿಟಕಿ ತೆರೆಯಿತು.

“ಎರಡು ಪ್ಯಾಕೆಟ್ ತಾರಪ್ಪಾ!” ಅಜ್ಜಿಯ ದನಿ ಅಂಗಳ ತುಂಬಿತು. “ನಮ್ಮನೇಲೂ ಇಲ್ಲ!”

ಅವನು ತುಟಿಯಿಂದ ಬೆರಳು ತೆಗೆದು ಅಂಗಡಿಯ ಕಡೆ ತಿರುಗಿದ.