ಬೇರೆ ತಿಂಗಳ ಗಾಳಿ

ಬೆಳಿಗ್ಗೆ ಅವಳು ಹೊರಡುವ ಹೊತ್ತಿಗೇ ಅಕ್ಕನ ಫೋನು.

"ನೋಡೇ, ಇವತ್ತು ಸುಮ್ನೆ ಹೋಗಿ ಗುಂಡಿ ಒತ್ತಿ ಬಂದ್ಬಿಡು. ಈ ವರದಿ ಪಾಸಾಗ್ಲಿಲ್ಲ ಅಂದ್ರೆ ಅವರ ಸಿಟ್ಟೆಲ್ಲ ನನ್ನ ತಲೆ ಮೇಲೇ. ನಿನ್ನ ಕೆಲಸಾನೂ ಹೋಗುತ್ತೆ, ನೆನಪಿರ್ಲಿ."

ಅವರು ಎಂದರೆ ಭಾವ. ಕಡಲಿನ ತಳ ಕೊರೆದು ಎಣ್ಣೆ ಹುಡುಕಲು ಹೊರಟ ಕಂಪನಿಗೆ ಸರ್ಕಾರದ ಅನುಮತಿಗಳನ್ನು ತಂದುಕೊಡುವುದು ಅವರ ಕೆಲಸ. ಆ ಕಂಪನಿಗೆ ಪರಿಸರ ವರದಿ ಬರೆದುಕೊಡುವ ಸಂಸ್ಥೆಯಲ್ಲಿ ಹೆಂಡತಿಯ ತಂಗಿಯಾದ ಅವಳಿಗೆ ಜಾಗ ಕೊಡಿಸಿದವರೂ ಅವರೇ. ಪರೀಕ್ಷೆ ಬರೆಯುವವರೇ ತಮ್ಮ ಮಾಸ್ತರರನ್ನು ಆರಿಸಿಕೊಳ್ಳುವ ಈ ಏರ್ಪಾಡಿಗೆ ಅಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ.

ಕಡಲಲ್ಲಿ ಕೊರೆದ ಬಾವಿ ಒಡೆದು ಎಣ್ಣೆ ಉಕ್ಕಿದರೆ ಅದು ಎತ್ತ ತೇಲೀತು ಎಂದು ಗಾಳಿಯನ್ನೂ ನೀರಿನ ಸೆಳೆತವನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಮೊದಲು ಕೊರೆತ ನಡೆಯಬೇಕಿದ್ದದ್ದು ಶಾಂತ ತಿಂಗಳುಗಳಲ್ಲಿ. ಆಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಎಣ್ಣೆ ದೂರ ಹೋಗಿ ಚದುರುತ್ತದೆ ಎಂದು ಅವಳೇ ಲೆಕ್ಕ ಕೊಟ್ಟಿದ್ದಳು. ಆಮೇಲೆ ಕೊರೆಯುವ ಹಡಗು ಇನ್ನೆಲ್ಲೋ ತಡವಾಯಿತು. ಈಗ ಅದು ಬರುವುದು ಗಾಳಿ ತಿರುಗಿ ದಡಕ್ಕೆ ಬೀಸುವ ಕಾಲದಲ್ಲಿ. ಅವಳು ಯಾರೂ ಹೇಳದೆಯೇ ಇನ್ನೊಮ್ಮೆ ಲೆಕ್ಕ ಹಾಕಿದಳು. ಎಣ್ಣೆ ನೆಟ್ಟಗೆ ನದಿ ಕಡಲು ಸೇರುವ ಅಳಿವೆಗೆ ಬಂದು ಬಿತ್ತು. ವರದಿಯಲ್ಲಾದರೋ ದಡವನ್ನು ಕಾಯುವ ಮಾತೇ ಇಲ್ಲ. ಬಾರದ ಎಣ್ಣೆಗೆ ತಡೆ ಯಾಕೆ ಎಂದು ಆ ಅಧ್ಯಾಯವನ್ನೇ ಕಿತ್ತುಹಾಕಿದ್ದರು.

ಸಂಸ್ಥೆಯ ನಿರ್ದೇಶಕನಿಗೆ ತೋರಿಸಲು ಹೋದಾಗ ಅವನು ವರದಿಯ ಮುಖಪುಟಕ್ಕೆ ಡಾಲ್ಫಿನ್ ಚಿತ್ರ ಆರಿಸುತ್ತಿದ್ದ. ಕಚೇರಿಯಲ್ಲಿ ಅವನ ಹೆಸರೇ ಮುಖಪುಟ. ಒಳಗಿನ ಹಾಳೆಗಳನ್ನು ಅವನು ತೂಕಕ್ಕೆ ಮಾತ್ರ ನೋಡುತ್ತಿದ್ದ.

"ಬಾವಿ ಅದೇ, ಕಡಲು ಅದೇ," ಎಂದ. "ಗಾಳಿ ಒಂದು ಬದಲಾಯ್ತು ಅಂತ ಇಡೀ ವರದಿ ಬದಲಾಯಿಸ್ತಾರೇನ್ರೀ? ಈ ಡಾಲ್ಫಿನ್ ಸ್ವಲ್ಪ ನಕ್ಕಂಗಿದೆ ಅಲ್ವಾ?"

"ಅದು ನಮ್ಮ ಕಡಲಿನದ್ದಲ್ಲ ಸರ್."

"ನಗ್ತಾ ಇದೆಯಲ್ಲ, ಸಾಕು."

ಅನುಮತಿ ಕೊಡುವ ತಜ್ಞರ ಸಮಿತಿಯ ಕೋಣೆಯಲ್ಲಿ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಿತ್ತು. ಉದ್ದದ ಮೇಜಿನ ಸುತ್ತ ಎಂಟು ಮಂದಿ ತಜ್ಞರು. ಒಬ್ಬರು ಸಣ್ಣಗೆ ತೂಕಡಿಸುತ್ತಿದ್ದರು, ಇಬ್ಬರು ಮೊಬೈಲಿನೊಳಗೆ ಇಳಿದುಹೋಗಿದ್ದರು. ಅಧ್ಯಕ್ಷರು ವರದಿಯ ಮುಖಪುಟವನ್ನು ಸವರಿ, "ಪ್ರಿಂಟಿಂಗ್ ಚೆನ್ನಾಗಿದೆ," ಎಂದರು. ಭಾವ ಹಿಂದಿನ ಸಾಲಿನಿಂದ ಕೃತಜ್ಞತೆಯ ನಗೆ ನಕ್ಕರು. ಆ ನಗೆಯನ್ನು ಅವರು ಮನೆಯಲ್ಲಿ ಒಮ್ಮೆಯೂ ಖರ್ಚು ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಅವಳಿಗೆ ಮಾತಾಡುವ ಅಧಿಕಾರವಿರಲಿಲ್ಲ. ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು, ಮುಖಪುಟ ಬೆರಳೆತ್ತಿದಾಗ ಗುಂಡಿ ಒತ್ತಿ ಎಣ್ಣೆ ತೇಲುವ ಚಿತ್ರ ತೋರಿಸಬೇಕು, ಅಷ್ಟೇ. ಯಾರಾದರೂ ಒಬ್ಬರು ಕೇಳಲಿ ಎಂದು ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕಾಯುತ್ತಿದ್ದಳು. ಇದು ಯಾವ ತಿಂಗಳ ಗಾಳಿ? ಇಷ್ಟೇ ಪ್ರಶ್ನೆ. ಕೇಳಿದ್ದು ಒಬ್ಬರೇ, ಹಡಗಿನ ಮೇಲೆ ಮಲಗಲು ಎಷ್ಟು ಕೋಣೆ ಇರುತ್ತವೆ ಎಂದು.

ಬೆರಳು ಎದ್ದಿತು. ಹಳೆಯದು, ಹೊಸದು, ಎರಡು ಲೆಕ್ಕಗಳೂ ಅವಳ ಮುಂದೆ ಅಕ್ಕಪಕ್ಕದಲ್ಲಿದ್ದವು. ಅಕ್ಕನ ದನಿ ಕಿವಿಯಲ್ಲೇ ಇತ್ತು. ಅವಳು ಹೊಸದನ್ನು ಒತ್ತಿದಳು.

ಮುಖಪುಟ ಗೋಡೆಯ ಮೇಲಿನ ಸ್ಕ್ರೀನಿಗೆ ಬೆನ್ನು ಹಾಕಿ ನಿಂತಿದ್ದ. ಸ್ಕ್ರೀನ್ ನೋಡಿಕೊಂಡು ಮಾತಾಡುವವರು ಗುಮಾಸ್ತರು ಎಂಬುದು ಅವನ ಸಿದ್ಧಾಂತ. "ನೀವೇ ನೋಡ್ತಿದ್ದೀರಿ," ಎಂದು ಕೈ ಚಾಚಿದ, "ಎಣ್ಣೆ ದಡ ಬಿಟ್ಟು ದೂರ, ಇನ್ನೂ ದೂರ, ತೆರೆದ ಕಡಲಿಗೆ ಹೋಗ್ತಿದೆ." ಅವನ ತಲೆಯ ಮೇಲೆ ಕಪ್ಪು ಚುಕ್ಕೆಗಳು ಹಿಂಡುಹಿಂಡಾಗಿ ದಡಕ್ಕೆ ಬಂದು ಅಂಟಿಕೊಂಡವು. ಎಚ್ಚರವಿದ್ದ ಏಳು ಜನ ತಜ್ಞರು ನೋಡಿದರು. ತಲೆಯಾಡಿಸಿದರು. ಒಬ್ಬರು "ಸಮಾಧಾನಕರ" ಎಂದು ಬರೆದುಕೊಂಡರು.

ಇವರ ಮುಂದೆ ಕಡಲಿಗೇ ಬೆಂಕಿ ಬಿದ್ದರೂ ಸಭೆಯ ಮಿನಿಟ್ಸ್‌ನಲ್ಲಿ "ಗಮನಿಸಲಾಯಿತು" ಎಂದು ಬರೆದಾರು ಎಂದುಕೊಂಡಳು. ಅಷ್ಟರಲ್ಲಿ ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು. ಮಾತು ಕೇಳಿಸಿಕೊಂಡಿರದ ಕಾರಣ ಅವರಿಗೆ ಚಿತ್ರ ಕಂಡಿತು.

"ಇದರಲ್ಲಿ ದಡ ಯಾವ ಕಡೆ?"

"ಬಲಗಡೆ ಸರ್," ಎಂದ ಮುಖಪುಟ, ಸ್ಕ್ರೀನಿನ ಕಡೆ ನೋಡದೆಯೇ.

"ಮತ್ತೆ ಎಣ್ಣೆ ಯಾಕೆ ಬಲಗಡೆ ಬರ್ತಿದೆ?"

ಮುಖಪುಟ ಮೊದಲ ಬಾರಿಗೆ ತಿರುಗಿದ. ಅವನ ಕುತ್ತಿಗೆ ಕೆಂಪಾಯಿತು. "ಫೈಲ್ ತಪ್ಪಾಗಿದೆ ಸರ್. ಹುಡುಗಿ ಹೊಸಬಳು."

ಅವಳು ಅಲ್ಲಿ ಸೇರಿ ಆರು ವರ್ಷವಾಗಿತ್ತು.

ಅಧ್ಯಕ್ಷರು ಕನ್ನಡಕ ಏರಿಸಿ, ಕೈ ಹಿಡಿದು ರಸ್ತೆ ದಾಟಿಸುವವರಂತೆ ಮೆತ್ತಗೆ ಕೇಳಿದರು: "ತಪ್ಪು ಫೈಲ್ ತಾನೇ ಅಮ್ಮಾ?"

ಹೂಂ ಎಂದರೆ ಮುಗಿಯುತ್ತಿತ್ತು. ಭಾವ ಅರ್ಧ ಎದ್ದು ನಿಂತಿದ್ದರು.

"ಅಲ್ಲ ಸರ್. ಹಡಗು ಬರೋ ತಿಂಗಳ ಗಾಳಿ ಇದೇ. ವರದಿಯಲ್ಲಿರೋದು ಹಳೇ ವೇಳಾಪಟ್ಟಿಯ ಗಾಳಿ."

ತಜ್ಞರಿಗೆ ಒಮ್ಮೆಲೇ ಎಚ್ಚರವಾಯಿತು. ಎಲ್ಲರೂ ಇದನ್ನು ತಾವು ಮೊದಲೇ ಗಮನಿಸಿದ್ದಾಗಿ ಹೇಳಿದರು. ವರದಿ ವಾಪಸು, ವರ್ಷದ ಎಲ್ಲ ಗಾಳಿಗೂ ಲೆಕ್ಕ ಹಾಕಿ, ದಡದ ರಕ್ಷಣೆಯ ಅಧ್ಯಾಯ ಸೇರಿಸಿ ತರಬೇಕು, ಅಲ್ಲಿಯವರೆಗೆ ಕೊರೆಯುವಂತಿಲ್ಲ. ಸಂಸ್ಥೆಯ ಪ್ರಾಮಾಣಿಕತೆಯನ್ನು ಅಧ್ಯಕ್ಷರು ಮೆಚ್ಚಿಕೊಂಡರು. ಮುಖಪುಟ ಎದೆಯ ಮೇಲೆ ಕೈಯಿಟ್ಟು, "ಸಮಿತಿಯ ಗಮನಕ್ಕೆ ತರೋದು ನಮ್ಮ ಧರ್ಮ ಸರ್," ಎಂದ. ಅವಳು ಏನೆಲ್ಲಕ್ಕೆ ಹೆದರಿ ಬಂದಿದ್ದರೂ ಇದೊಂದು ಅವಳಿಗೆ ಹೊಳೆದಿರಲಿಲ್ಲ.

ಮೊಗಸಾಲೆಯಲ್ಲಿ ಅವನ ಧರ್ಮ ಮಾಯವಾಯಿತು. "ನಾಳೆಯಿಂದ ಬರ್ಬೇಡಿ," ಎಂದ.

ಭಾವ ಅವನ ತೋಳು ಹಿಡಿದರು. "ತಡೀರಿ. ಹೊಸ ಲೆಕ್ಕ ಯಾರು ಮಾಡ್ತಾರೆ? ನೀವಾ?"

ಅವನು ವಾಪಸು ಬಂದ ವರದಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ನಾಳೆ ಬೇಗ ಬನ್ನಿ," ಎಂದು ಲಿಫ್ಟಿಗೆ ನಡೆದ.

ಭಾವ ಅವಳ ಕಡೆ ನೋಡದೆ, "ನಿಮ್ಮಕ್ಕಂಗೆ ನೀನೇ ಹೇಳ್ಕೋ," ಎಂದು ಅವನ ಹಿಂದೆಯೇ ಹೋದರು.

ಅವಳು ಮೆಟ್ಟಿಲ ಮೇಲೆ ಕೂತು ಫೋನು ಮಾಡಿದಳು. ಅಕ್ಕ ಒಂದೇ ರಿಂಗಿಗೆ ಎತ್ತಿದಳು.

"ಪಾಸಾಯ್ತಾ?"

"ಇಲ್ಲ ಅಕ್ಕಾ. ನಾನೇ ನಿಲ್ಲಿಸ್ದೆ. ಬಾವಿ ಒಡೆದ್ರೆ ಎಣ್ಣೆ ಅಳಿವೆಗೇ ಬರುತ್ತೆ."

ಆ ಕಡೆ ಅಕ್ಕ ಪಾತ್ರೆಯೊಂದನ್ನು ಕುಕ್ಕಿ ಇಟ್ಟ ಸದ್ದು ಕೇಳಿಸಿತು. ಅದು ಸಿಟ್ಟೋ ಅಳುವೋ ತಿಳಿಯಲಿಲ್ಲ.

"ಇವತ್ತು ರಾತ್ರಿ ಭಾವ ಸಿಟ್ಟಲ್ಲಿ ಊಟ ಮಾಡಲ್ಲ," ಎಂದಳು ತಂಗಿ. "ನೀನು ಕಾಯ್ತಾ ಕೂರ್ಬೇಡ. ಉಂಡ್ಬಿಡು."