ಗೆರೆಮಾವನ ಏಳು ಮೀಟರ್

ಅಪ್ಪನ ಅಂಗಿಯ ಜೇಬನ್ನು ಹೊರಮಗ್ಗುಲು ಮಾಡಿ ಕೊಡವಿದಾಗ ಬಿಳಿ ಪುಡಿ ಇಸ್ತ್ರಿ ಮೇಜಿನ ಮೇಲೆ ಉದುರಿತು. ಮಗಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಪುಡಿಯನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದಳು. ಅವಳು ಬಟ್ಟೆಗೆ ಗುರುತು ಹಾಕುವ ಚಾಕ್ ಅಲ್ಲ. ಸುಣ್ಣ.

ಕೆಲಸ ಬಿಟ್ಟು ನಾಲ್ಕು ವರ್ಷವಾದ ಮನುಷ್ಯನ ಜೇಬಿನಲ್ಲಿ, ಅದೂ ಹೋದ ತಿಂಗಳಷ್ಟೇ ಅವಳು ಹೊಲಿದುಕೊಟ್ಟ ಅಂಗಿಯಲ್ಲಿ, ಸುಣ್ಣ ಎಲ್ಲಿಂದ ಬಂತು?

"ಇನ್ನೂ ಆಗಲಿಲ್ವೇನೇ?" ಪಕ್ಕದ ಕೋಣೆಯಿಂದ ಅತ್ತೆ ಕೂಗಿದಳು. ಸತ್ತವನ ತಂಗಿ, ದುಃಖವಾದಷ್ಟೂ ಅವಳ ಗಂಟಲು ಜೋರಾಗುತ್ತಿತ್ತು. "ಹತ್ತು ಗಂಟೆಗೆ ಎತ್ತಬೇಕು ಅಂತ ಬೆಳಿಗ್ಗೆಯಿಂದ ನೀನೇ ಕುಣೀತಿದ್ದೀಯ. ನಮ್ಮಣ್ಣ ಬದುಕಿದ್ದಾಗ ಒಂದು ದಿನ ತಡ ಮಾಡಿದವನಲ್ಲ. ಈಗ ನೀನು ಮಾಡಿಸ್ಬೇಡ."

"ಬಂದೆ ಅತ್ತೆ."

ಅವಳಿಗೆ ಆ ಸುಣ್ಣವನ್ನು ಒರೆಸಿ ಬಿಸಾಡಲು ಮನಸ್ಸಾಗಲಿಲ್ಲ. ಕಾಗದದ ಚೂರಿನಿಂದ ಬಳಿದು ಅದೇ ಜೇಬಿಗೆ ಮತ್ತೆ ಸುರಿದಳು.

ಬೇಗ ಮುಗಿಯಲಿ ಅನ್ನುವುದಕ್ಕೆ ಅವಳದೇ ಕಾರಣವಿತ್ತು. ಅಪ್ಪ ಮೂವತ್ತೊಂದು ವರ್ಷ ಕಾಲೇಜಿನ ಮೈದಾನ ನೋಡಿಕೊಂಡವನು. ಹುಲ್ಲು ಕತ್ತರಿಸುವುದು, ಮಣ್ಣು ಅದುಮುವುದು ಎಲ್ಲ ಅವನದೇ ಆದರೂ, ಹೆಸರು ಬಂದದ್ದು ಓಟದ ಟ್ರ್ಯಾಕಿಗೆ ಎಳೆಯುತ್ತಿದ್ದ ಸುಣ್ಣದ ಗೆರೆಗಳಿಂದ. ಓಡುವ ಮಕ್ಕಳು ಅವನನ್ನು ಗೆರೆಮಾವ ಅನ್ನುತ್ತಿದ್ದರು. ಆರು ವರ್ಷದ ಹಿಂದೆ ಕಾಲೇಜು ಓಟದ ತಂಡವನ್ನೇ ಮುಚ್ಚಿತು. ನೋಟೀಸಿನಲ್ಲಿದ್ದ ಕಾರಣ ಇಷ್ಟೆ: ಟ್ರ್ಯಾಕಿನ ಅಳತೆ ತಪ್ಪು, ನಾನೂರು ಮೀಟರ್ ಇರಬೇಕಾದದ್ದು ನಾನೂರ ಏಳು ಇದೆ.

ಅಳೆದವನು ಅಪ್ಪ.

ಆದ್ದರಿಂದಲೇ ಅವಳು ಓಟದವರು ಯಾರಿಗೂ ಸುದ್ದಿ ಕಳಿಸಿರಲಿಲ್ಲ. ತಂಡ ಕಳೆದುಕೊಂಡವರು ಸತ್ತವನ ಮುಖ ನೋಡುತ್ತ ಏನೇನು ನೆನೆಸಿಕೊಳ್ಳುತ್ತಾರೋ. ಯಾರಾದರೂ ಬಾಯಿಬಿಟ್ಟು ಆಡಿದರೆ ಅವನು ಎದ್ದು ಉತ್ತರ ಕೊಡುವುದಿಲ್ಲ, ಕೊಡಲು ಅವಳ ಬಳಿಯೂ ಏನೂ ಇಲ್ಲ.

"ಅಂದಹಾಗೆ," ಅಂಗಿಯನ್ನು ಕೈಗೆ ತೆಗೆದುಕೊಳ್ಳುತ್ತ ಅತ್ತೆ ಅಂದಳು, "ನಾನು ಒಬ್ಬಳಿಗೆ ಹೇಳಿದೀನಿ. ನರ್ಸಮ್ಮನಿಗೆ."

"ಯಾವ ನರ್ಸಮ್ಮ?"

"ಅದೇ ಕಣೇ, ಓಡ್ತಿದ್ದಳಲ್ಲ. ನನ್ನ ಬಿಪಿ ನೋಡೋಳು. ಅವಳಿಗೆ ಹೇಳ್ದೆ ಇದ್ರೆ ನಾಳೆ ನನಗೆ ಸೂಜಿ ಚುಚ್ಚುವಾಗ ಸೇಡು ತೀರಿಸ್ಕೋತಾಳೆ."

ಮಗಳು ಗಡಿಯಾರ ನೋಡಿದಳು. ಎಂಟೂವರೆ.

*

ನೋಟೀಸು ಬಂದ ದಿನ ಅಪ್ಪ ಎಂದಿನ ಹೊತ್ತಿಗೇ ಮನೆಗೆ ಬಂದಿದ್ದ. ಕೈಕಾಲು ತೊಳೆದು ಅವಳ ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಸುದ್ದಿ ಅವನಿಗಿಂತ ಮೊದಲೇ ಬೀದಿಗೆ ಬಂದಿತ್ತು.

"ನಿಜಾನಾ ಅಪ್ಪ? ಟೇಪು ತಂದು ಅಳೆದ್ರಂತೆ?"

"ಹೂಂ."

"ಏಳು ಮೀಟರ್ ಹೆಚ್ಚು ಬಂತಂತೆ?"

"ಹೂಂ."

"ನೀನು ಏನಂದೆ?"

"ಯಾರು ಅಳೆದಿದ್ದು ಅಂತ ಕೇಳಿದ್ರು. ನಾನೇ ಅಂದೆ."

"ಅಷ್ಟೇನಾ?"

"ಅಷ್ಟೇ ಕೇಳಿದ್ದು."

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ದಿನವಿಡೀ ಅರ್ಧ ಇಂಚಿಗೆ ಜಗಳವಾಡುವ ಗಿರಾಕಿಗಳ ನಡುವೆ ಬದುಕುವವಳು ಅವಳು. "ಒಂದು ಅಂಗಿ ಒಂದು ಬೆರಳು ಹೆಚ್ಚುಕಡಿಮೆ ಆದ್ರೆ ಜನ ನನ್ನ ಮುಖದ ಮೇಲೆ ಎಸೀತಾರೆ. ನೀನು ಏಳು ಮೀಟರ್ ತಪ್ಪಿದೀಯ! ಅಷ್ಟು ಮಕ್ಕಳ ಓಟ ನಿಂತುಹೋಯ್ತಲ್ಲಪ್ಪ."

ಅಪ್ಪ ಅವಳು ಹೊಲಿಯುತ್ತಿದ್ದ ಲಂಗದ ಅಂಚನ್ನು ಎತ್ತಿ ನೋಡಿದ. ಯಾವುದೋ ಸಣ್ಣ ಹುಡುಗಿಯದು. ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿಟ್ಟಿದ್ದಳು.

"ಇಷ್ಟು ಯಾಕೆ ಒಳಗೆ ಬಿಟ್ಟಿದೀಯ?"

"ಬೆಳೆಯೋ ಮಗು. ಬರೋ ವರ್ಷ ಬಿಚ್ಚಿದ್ರೆ ಉದ್ದ ಆಗುತ್ತೆ."

"ಅವಳಿಗೆ ಗೊತ್ತಾ?"

"ಗೊತ್ತಾದ್ರೆ ಈಗ್ಲೇ ಬಿಚ್ಚು ಅಂತಾಳೆ. ಮಾತು ಮರೆಸ್ಬೇಡ ನೀನು."

ಅಪ್ಪ ಅಂಚನ್ನು ಮೆಲ್ಲಗೆ ಕೆಳಗಿಟ್ಟ. ಅವನ ಮುಖದಲ್ಲಿ ನಗುವಿನಂಥದ್ದೇನೋ ಇತ್ತು. ಅದನ್ನು ಕಂಡು ಅವಳ ಸಿಟ್ಟು ಇನ್ನೂ ಹೆಚ್ಚಿತು.

ಮರುದಿನದಿಂದ ಕಾಲೇಜು ಅವನಿಗೆ ಹೊಸ ಕೆಲಸ ಕೊಟ್ಟಿತು. ಅದೇ ಮೈದಾನದಲ್ಲಿ, ಅದೇ ಸುಣ್ಣದಲ್ಲಿ, ಕಾರು ನಿಲ್ಲಿಸಲು ಚೌಕ ಎಳೆಯುವುದು. ಎರಡು ವರ್ಷ ಎಳೆದ. ಒಂದು ಚೌಕವೂ ಸೊಟ್ಟಗಿರಲಿಲ್ಲ.

*

ಒಂಬತ್ತೂವರೆಗೆ ಬೀದಿ ತುಂಬಿತು.

ಮೊದಲು ನರ್ಸಮ್ಮ ಬಂದಳು, ಆಸ್ಪತ್ರೆಯ ಸಮವಸ್ತ್ರದಲ್ಲೇ. ಅವಳ ಹಿಂದೆ ಭೂಮಿ ಅಳೆಯುವ ಸರ್ವೆಯರ್, ಆಮೇಲೆ ಬಸ್ ಡ್ರೈವರ್, ಬೇಕರಿಯವನು, ಇಬ್ಬರು ಮೇಷ್ಟ್ರುಗಳು. ಎಲ್ಲರಿಗಿಂತ ಕಡೆಗೆ ಪಾರ್ಸೆಲ್ ಕೊಡುವ ಕಂಪನಿಯ ಚೀಲ ಹೆಗಲಿಗೆ ಹಾಕಿಕೊಂಡ ಒಂದು ಹುಡುಗಿ. ಎಲ್ಲ ಬೇರೆ ಬೇರೆ ವಯಸ್ಸು, ಆದರೆ ಮೆಟ್ಟಿಲು ಹತ್ತುವ ರೀತಿ ಮಾತ್ರ ಒಂದೇ: ಮುಂಗಾಲಲ್ಲಿ, ಸದ್ದಿಲ್ಲದೆ. ಐವತ್ತು ಜನರಾದರೂ ಇದ್ದರು.

ಮಗಳು ಬಾಗಿಲ ಬಳಿ ಗಟ್ಟಿಯಾಗಿ ನಿಂತಳು. ಬೈಯುವವರು ಮೊದಲು ತನ್ನನ್ನು ಬೈಯಲಿ ಅಂತ.

ಯಾರೂ ಬೈಯಲಿಲ್ಲ. ಸರ್ವೆಯರ್ ಮಂಚದ ಬಳಿ ಬಗ್ಗಿ ಅಪ್ಪನ ಪಾದ ಮುಟ್ಟಿ, "ಏನ್ ಗೆರೆಮಾವ, ನಮ್ಮನ್ನ ಓಡಿಸಿ ಓಡಿಸಿ ನೀನೇ ಮುಂದೆ ಹೋದ್ಯಲ್ಲ," ಅಂದ. ಬೇಕರಿಯವನು ಅಳುತ್ತಲೇ ನಕ್ಕ.

ಅಷ್ಟರಲ್ಲಿ ಕಾಲೇಜಿನ ಮ್ಯಾನೇಜರು ಬಂದರು. ಮೊದಲು ಅಲ್ಲೇ ಗುಮಾಸ್ತರಾಗಿದ್ದು ಮೇಲೆ ಬಂದವರು, ಕೆಟ್ಟ ಮನುಷ್ಯರಲ್ಲ. ಕೈಯಲ್ಲಿ ದೊಡ್ಡ ಹೂವಿನ ಚಕ್ರವಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅಪ್ಪಿಕೊಂಡೇ ನಿಂತು, ಮಗಳಿಗೆ ಸಮಾಧಾನ ಹೇಳಿದರು.

"ಒಳ್ಳೆ ಮನುಷ್ಯ ಕಣಮ್ಮ. ಆ ಅಳತೆ ತಪ್ಪಿದ್ದನ್ನ ನಾವು ಯಾರೂ ಮನಸ್ಸಿನಲ್ಲಿ ಇಟ್ಕೊಂಡಿಲ್ಲ. ತಪ್ಪು ಮನುಷ್ಯನೇ ಮಾಡೋದು, ಅಲ್ವಾ?"

ಅವಳು ಹೆದರಿದ್ದ ಮಾತು ಬಂದೇಬಿಟ್ಟಿತು. ತಲೆ ತಗ್ಗಿಸಿ, "ಹೌದು ಸರ್," ಅಂದಳು.

"ಏನು ಹೌದು?" ನರ್ಸಮ್ಮ ತಿರುಗಿದಳು. "ಯಾವ ತಪ್ಪು?"

"ಆ ಏಳು ಮೀಟರ್..."

ನರ್ಸಮ್ಮ ಸರ್ವೆಯರ್ ಮುಖ ನೋಡಿದಳು. ಸರ್ವೆಯರ್ ಡ್ರೈವರ್ ಮುಖ ನೋಡಿದ.

"ಅಯ್ಯೋ ಅಕ್ಕ," ಅಂದಳು ನರ್ಸಮ್ಮ, "ನಿಮಗೆ ಗೊತ್ತೇ ಇಲ್ವಾ?"

ಅವಳು ಸಮವಸ್ತ್ರದ ಅಂಚನ್ನು ಒಂದಿಷ್ಟು ಎತ್ತಿ ಮೊಣಕಾಲ ಕೆಳಗಿನ ಉದ್ದ ಗಾಯದ ಗುರುತು ತೋರಿಸಿದಳು. ಇಪ್ಪತ್ತೈದು ವರ್ಷದ ಹಿಂದಿನದು. ಟ್ರ್ಯಾಕಿನ ಆಚೆ ತಿರುವಿನಲ್ಲಿ ಮೋರಿಯ ಕಾಂಕ್ರೀಟು ಮುಚ್ಚಳ ನೆಲದಿಂದ ಮೇಲೆದ್ದಿತ್ತು, ಸರಿಯಾಗಿ ಒಳಗಿನ ಗೆರೆಯ ಮೇಲೆ. ಅವಳು ಎಡವಿ ಬಿದ್ದಳು. ಮುಚ್ಚಳ ತೆಗೆಸಿ ಅಂತ ಗೆರೆಮಾವ ಆಫೀಸಿಗೆ ಅರ್ಜಿ ಕೊಟ್ಟ. ಒಂದಲ್ಲ, ನಾಲ್ಕು.

"ಯಾರೂ ಬರಲಿಲ್ಲ. ಒಂದು ದಿನ ನಾನು ಕಾಲಿಗೆ ಪಟ್ಟಿ ಕಟ್ಕೊಂಡು ಮೆಟ್ಟಿಲ ಮೇಲೆ ಕೂತಿದೀನಿ, ಮಾವ ಒಬ್ಬನೇ ಆ ತಿರುವಿನ ಗೂಟ ಎಲ್ಲ ಕಿತ್ತು, ಮೂರೂವರೆ ಮೀಟರ್ ಹಿಂದಕ್ಕೆ ಹೊಡೀತಿದಾನೆ. ಮುಚ್ಚಳ ಗೆರೆಯಿಂದ ಒಳಗೆ, ಹುಲ್ಲಿನ ಕಡೆಗೆ ಬಿತ್ತು, ಓಡೋರ ಕಾಲಿಗೆ ಸಿಗೋ ಹಾಗಿಲ್ಲ. ಹೋಗ್ತಾ ಮೂರೂವರೆ, ಬರ್ತಾ ಮೂರೂವರೆ."

"ಏಳು," ಅಂದಳು ಮಗಳು.

"ಏಳು. 'ಯಾರಿಗೂ ಹೇಳ್ಬೇಡ ಮಗಾ, ಗೊತ್ತಾದ್ರೆ ಸೋಮಾರಿಗಳು ಏಳು ಮೀಟರ್ ಮುಂಚೇನೇ ನಿಂತ್ಬಿಡ್ತಾರೆ' ಅಂದ. ನಾನು ಹೇಳಲ್ಲ ಅಂತ ಆಣೆ ಇಟ್ಟೆ."

"ಸಂಜೆಗೇ ಎಲ್ರಿಗೂ ಹೇಳಿದ್ಳು," ಅಂದ ಸರ್ವೆಯರ್. "ಆಮೇಲೆ ನಾನು ಬಂದು ಅಳೆದು ನೋಡ್ದೆ. ಒಂದು ಗೇಣು ಹೆಚ್ಚಿಲ್ಲ, ಕಡಿಮೆ ಇಲ್ಲ. ನಾನು ಸರ್ವೆಯರ್ ಆಗಿದ್ದೇ ಆ ಹುಚ್ಚಿನಿಂದ. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ದೊಡ್ಡೋರು ಕಿವಿಯಲ್ಲಿ ಹೇಳೋರು: ಟ್ರ್ಯಾಕು ಏಳು ಮೀಟರ್ ಜಾಸ್ತಿ, ನಮಗೆ ಗೊತ್ತಿದೆ ಅಂತ ಮಾವನಿಗೆ ಗೊತ್ತಾಗ್ಬಾರ್ದು. ಹತ್ತೊಂಬತ್ತು ವರ್ಷ ಒಬ್ಬನೂ ಬಾಯಿ ಬಿಡಲಿಲ್ಲ."

"ಐದು ಸಾವಿರ ಮೀಟರ್ ಅಂತ ಓಡಿಸಿ ಎಂಬತ್ತೇಳೂವರೆ ಮೀಟರ್ ಪುಗಸಟ್ಟೆ ಕಿತ್ಕೊಳ್ಳೋನು!" ಡ್ರೈವರ್ ಮೂಗು ಒರೆಸಿಕೊಂಡ. "ಬೇರೆ ಊರಿಗೆ ಓಡೋಕೆ ಹೋದ್ರೆ, ಮುಗೀತಾ, ಇಷ್ಟೇನಾ ಅನ್ನಿಸ್ತಿತ್ತು. ಕೊನೇ ತಿರುವಿನಲ್ಲಿ ಅವರೆಲ್ಲ ಏದುಸಿರು ಬಿಡ್ತಿದ್ರೆ ನಮ್ಮ ಹತ್ರ ಇನ್ನೂ ಉಸಿರು ಉಳಿದಿರೋದು."

ಮಗಳ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. "ಮತ್ತೆ ಟೇಪು ತಂದ ದಿನ ಯಾಕೆ ಹೇಳಲಿಲ್ಲ? ಅವನ ತಪ್ಪಿನಿಂದ ಎಲ್ಲ ಮುಚ್ತು ಅಂತ ನಾನು ಆರು ವರ್ಷ..."

"ಹೇಳೋಕೆ ಅಂತ ಮೂವತ್ತು ಜನ ಹೋದ್ವಿ ಅಕ್ಕ," ಅಂದಳು ನರ್ಸಮ್ಮ. " ಮಾವನೇ ಗೇಟಿನಲ್ಲಿ ತಡೆದ. 'ಟೇಪು ಬರೋಕೆ ಮುಂಚೇನೇ ಬೀಗ ಬಂದಿತ್ತು. ನನ್ನ ಮಾನ ಉಳಿಸೋಕೆ ನಿಮ್ಮ ರಜ ಕಳೀಬೇಡಿ, ಹೋಗಿ ಕೆಲಸ ನೋಡ್ಕೊಳ್ಳಿ' ಅಂದ."

ಹೂವಿನ ಚಕ್ರದ ಹಿಂದಿನಿಂದ ಮ್ಯಾನೇಜರು ಮಾತಾಡಿದರು. ದನಿ ಆಫೀಸಿನದಲ್ಲ, ಮನೆಯದು.

"ಅದು ನಿಜ. ನೋಟೀಸು ಟೈಪ್ ಮಾಡಿದ್ದು ನಾನು. ಅಳತೆಯವರು ಬರೋಕೆ ಎರಡು ತಿಂಗಳು ಮುಂಚೆ. ಕಾರಣದ ಜಾಗ ಖಾಲಿ ಬಿಟ್ಟಿದ್ವಿ." ಚಕ್ರವನ್ನು ಸ್ವಲ್ಪ ಕೆಳಗಿಳಿಸಿದರು. "ಮೋರಿ ಮುಚ್ಚಳದ ಅರ್ಜಿಗಳೂ ನನ್ನ ಮೇಜಿಗೇ ಬಂದಿದ್ದು. ನಾಲ್ಕೂ. ಗೆರೆ ಸರಿಸಿದ್ದು ಅದಕ್ಕೇ ಅಂತ ನನಗೆ ಇವತ್ತು ಗೊತ್ತಾಗ್ತಿದೆ. ಯಾಕೆ ಅಂತ ಅವನನ್ನ ಯಾರೂ ಕೇಳಲಿಲ್ಲ."

ಕೇಳದವರಲ್ಲಿ ತಾನೂ ಒಬ್ಬಳು ಅಂತ ಮಗಳಿಗೆ ಗೊತ್ತಿತ್ತು. ಸ್ಟೂಲು ಅಲ್ಲೇ, ಮಿಷನ್ನಿನ ಪಕ್ಕದಲ್ಲೇ ಇತ್ತು.

"ನಮ್ಮಣ್ಣ ಕೇಳದೆ ಹೇಳೋ ಜಾತಿಯೇ ಅಲ್ಲ," ಅಂದಳು ಅತ್ತೆ. "ಮದುವೆ ದಿನ ಚಪ್ಪಲಿ ಕಚ್ತಿತ್ತು ಅಂತ ಹೇಳಿದ್ದು ಮಗಳು ಸ್ಕೂಲು ಮುಗಿಸಿದ ಮೇಲೆ!"

ನಗು ಗೋಡೆಯಿಂದ ಗೋಡೆಗೆ ಹೋಯಿತು. ಸತ್ತ ಮನೆಯಲ್ಲಿ ಇಷ್ಟು ಜನ ಒಟ್ಟಿಗೆ ನಗುವುದು ಸರಿಯೇ ಅಂತ ಯಾರೂ ನೋಡಲಿಲ್ಲ.

ಮಗಳು ಅಪ್ಪನ ಅಂಗಿಯ ಜೇಬನ್ನು ನೋಡುತ್ತಿದ್ದಳು. "ಹಾಗಾದ್ರೆ ಈ ಜೇಬಿನ ಸುಣ್ಣ? ಇದು ಹೊಸದು."

ಪಾರ್ಸೆಲ್ಲಿನ ಹುಡುಗಿ ಮುಂದೆ ಬಂದಳು. "ಅದು ನಂದು ಅಕ್ಕ. ಅಂದ್ರೆ, ನನಗೋಸ್ಕರ." ತಂಡ ಮುಚ್ಚಿದಾಗ ಅವಳು ಮೊದಲನೇ ವರ್ಷದಲ್ಲಿದ್ದಳು. ಓಟಗಾರರಿಗೆ ಇದ್ದ ಫೀಸು ರಿಯಾಯಿತಿಯೂ ಅದರ ಜೊತೆಗೇ ಹೋಯಿತು, ಕಾಲೇಜು ಬಿಟ್ಟಳು. "ಓಡೋದು ಬಿಡಲಿಲ್ಲ. ಬೆಳಿಗ್ಗೆ ಮಾವ ಹಿಂದಿನ ರಸ್ತೆಯಲ್ಲಿ ಗೆರೆ ಹಾಕಿಕೊಡ್ತಿದ್ರು. ಕಂಬದಿಂದ ಕಂಬಕ್ಕೆ. ಬರೋ ತಿಂಗಳು ದೊಡ್ಡ ಓಟ ಇದೆ."

ಅಪ್ಪ ವಾಕಿಂಗು ಅಂತ ಹೇಳಿ ಹೋಗುತ್ತಿದ್ದದ್ದು ಅದಕ್ಕೆ.

"ಎಷ್ಟು ಅಂತ ಹೇಳಿದ್ರು, ಕಂಬದಿಂದ ಕಂಬಕ್ಕೆ?" ಸರ್ವೆಯರ್ ಕಣ್ಣು ಕಿರಿದು ಮಾಡಿದ.

"ಇನ್ನೂರು."

"ಅಳೆದಿದೀಯಾ?"

"ಇಲ್ಲ," ಅಂದಳು ಹುಡುಗಿ. "ಅಳೆಯೋದೂ ಇಲ್ಲ."

*

ಹತ್ತು ಗಂಟೆ ಯಾವಾಗಲೋ ಕಳೆದಿತ್ತು. ಮಗಳಿಗೆ ಈಗ ಅವಸರವಿರಲಿಲ್ಲ.

ಯಾರ ಪಕ್ಕ ಯಾರು ಹೆಗಲು ಕೊಡಬೇಕು ಅಂತ ಗೊಂದಲವಾದಾಗ ಅವಳೇ ಅಂಗಳಕ್ಕೆ ಇಳಿದಳು. ಭುಜದ ಎತ್ತರ ನೋಡುವುದು ಅವಳ ದಿನದ ಕೆಲಸ. "ನೀವು ಇಲ್ಲಿ. ಅಣ್ಣ, ನೀವು ಅರ್ಧ ಇಂಚು ಹೆಚ್ಚು, ಹಿಂದಕ್ಕೆ ಹೋಗಿ. ನರ್ಸಮ್ಮ, ಸರ್ವೆಯರು, ನೀವಿಬ್ಬರು ಮುಂದೆ. ಡ್ರೈವರಣ್ಣ, ಬೆನ್ನು ಗೂನು ಮಾಡ್ಬೇಡಿ, ಅಪ್ಪನಿಗೆ ಸೊಟ್ಟ ಆಗಲ್ಲ." ಹಿಂದಿನ ಬಲಮೂಲೆಯನ್ನು ಬೇರೆ ಯಾರಿಗೂ ಕೊಡದೆ ತಾನೇ ಹಿಡಿದಳು. ಎತ್ತಿದಾಗ ಚಟ್ಟ ನೀರು ತುಂಬಿದ ತಟ್ಟೆಯ ಹಾಗೆ ಸಮವಾಗಿತ್ತು.

ದಾರಿಯಲ್ಲಿ ಕಾಲೇಜಿನ ಮೈದಾನ ಬಂತು. ತಂತಿಬೇಲಿಯ ಆಚೆ ಕಾರುಗಳು ನಿಂತಿದ್ದವು. ಚೌಕಗಳಿಗೆ ಈಗ ಯಾರೋ ಬಣ್ಣ ಬಳಿದಿದ್ದರು, ಅಪ್ಪನ ಗೆರೆಯ ಮೇಲೆಯೇ. ದೂರದ ಮೂಲೆಯಲ್ಲಿ ಮೋರಿಯ ಮುಚ್ಚಳ ಹಾಗೇ ಎದ್ದಿತ್ತು. ಕಾರಿನವರು ಅದನ್ನು ಸುತ್ತಿಕೊಂಡು ಹೋಗುತ್ತಿದ್ದರು.

ಯಾರೂ ನಿಲ್ಲಲಿಲ್ಲ. ಹೆಜ್ಜೆಗಳು ಮಾತ್ರ ಒಂದೇ ಲಯಕ್ಕೆ ಬಂದವು.

ಸ್ಮಶಾನದ ಗೇಟು ರಸ್ತೆಯ ಎಡಕ್ಕೆ. ಕಾವಲುಗಾರ ಎರಡೂ ಬಾಗಿಲು ತೆರೆದು ಕಾಯುತ್ತಿದ್ದ. ಮುಂದಿದ್ದ ನರ್ಸಮ್ಮ, ಸರ್ವೆಯರ್ ತಿರುಗಲಿಲ್ಲ. ನೇರ ನಡೆದರು.

"ಏ, ಗೇಟು ಇಲ್ಲೇ ಕಣ್ರೋ!" ಅತ್ತೆ ಕೂಗಿದಳು. "ಅಳ್ತಾ ಅಳ್ತಾ ಕಣ್ಣು ಹೋಯ್ತಾ?"

ಮಗಳು ತನ್ನ ಹೆಜ್ಜೆಯ ಅಳತೆಯನ್ನು ಮನಸ್ಸಿನಲ್ಲೇ ಹಾಕುತ್ತಿದ್ದಳು. ಒಂದು ಮೀಟರ್. ಎರಡು. ಮೂರು. ಮತ್ತೆ ಅರ್ಧ. ಅಲ್ಲಿಗೆ ಮುಂದಿನ ಜೋಡಿ ಓಟದ ತಿರುವಿನಲ್ಲಿ ತಿರುಗಿದಂತೆ ಮೆಲ್ಲಗೆ ತಿರುಗಿತು, ಚಟ್ಟ ಒಂದು ಬೆರಳೂ ವಾಲಲಿಲ್ಲ. ಬಂದಷ್ಟೇ ದೂರ ವಾಪಸು ಬಂದು ಗೇಟಿನೊಳಗೆ ಕಾಲಿಟ್ಟರು. ಹಿಂದೆ ಬರುತ್ತಿದ್ದ ಐವತ್ತು ಜನರೂ ಅಲ್ಲಿಯವರೆಗೆ ಹೋಗಿ, ಅಲ್ಲೇ ತಿರುಗಿ, ಬಂದರು.

ಒಳಗೆ ಹೋಗುವ ಮುನ್ನ ಮಗಳು ಒಮ್ಮೆ ಹಿಂತಿರುಗಿ ನೋಡಿದಳು. ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಮ್ಯಾನೇಜರು ಆಗಷ್ಟೇ ಗೇಟಿನ ಎದುರಿಗೆ ಬಂದಿದ್ದರು. ಕಾವಲುಗಾರ ಇತ್ತ ಬನ್ನಿ ಅಂತ ಕೈ ತೋರಿಸಿದ. ಅವರು ತಲೆಯಾಡಿಸಿ, ಭಾರದ ಹೂವಿನ ಚಕ್ರವನ್ನು ಎದೆಗೆ ಒತ್ತಿಕೊಂಡು, ಖಾಲಿ ರಸ್ತೆಯಲ್ಲಿ ಒಬ್ಬರೇ ಮುಂದಕ್ಕೆ ನಡೆದರು.