ಮಂಜಿನಲ್ಲಿ ಓಗೊಡದವಳು

ನದಿಯ ಮೇಲೆ ಬೆಳಗಿನ ಮಂಜು ದಟ್ಟವಾಗಿ ಕೂತಿತ್ತು. ಮೀನಿನ ಬುಟ್ಟಿಯನ್ನು ದಡಕ್ಕಿಟ್ಟು ತಿರುಗುವಷ್ಟರಲ್ಲಿ ನನ್ನ ದೋಣಿ ಇರಲಿಲ್ಲ. ಹಗ್ಗದ ಗಂಟು ಸರಿಯಾಗಿ ಬಿಗಿದಿರಲಿಲ್ಲವೋ ಏನೋ. ದೋಣಿಯೊಳಗೆ ಮಗಳು ದಿಯೆಪ್ ಮಲಗಿದ್ದಳು.

ಪಕ್ಕದ ದೋಣಿಯ ಸೌ ಅಜ್ಜಿ ನನ್ನನ್ನು ಹತ್ತಿಸಿಕೊಂಡು ಹುಟ್ಟು ಹಾಕಿದಳು.

"ದಿಯೆಪ್! ಏ ದಿಯೆಪ್!"

ಉತ್ತರವಿಲ್ಲ. ಕೆಳಗಿನ ತಿರುವಿನಿಂದ ಮರಳು ಸಾಗಿಸುವ ಹಡಗಿನ ಇಂಜಿನ್ ಸದ್ದು ಬರುತ್ತಿತ್ತು. ಈ ಮಂಜಿನಲ್ಲಿ ಅವರಿಗೆ ನಮ್ಮಂಥವರ ದೋಣಿ ಕಾಣುವುದಿಲ್ಲ. ತಾಗಿದರೂ ಗೊತ್ತಾಗುವುದಿಲ್ಲ.

"ನೀರಿಗೆ ಬಿದ್ಲೇನೋ ಅಜ್ಜೀ..."

"ಅಪಶಕುನ ನುಡೀಬೇಡ. ಕೂಗು."

ಗಂಟಲು ಹರಿಯುವಂತೆ ಕೂಗಿದೆ. ಬಲಕ್ಕೆಲ್ಲೋ ಹಲಗೆ ಕಿರ್ರೆಂದಿತು, ಅಷ್ಟೇ. ಆಗ ಹೊಳೆಯಿತು. ಎದ್ದಿದ್ದಾಳೆ. ಕೇಳಿಸಿಕೊಂಡೂ ಉಸಿರು ಬಿಗಿಹಿಡಿದು ಕೂತಿದ್ದಾಳೆ.

"ಮಂಜಲ್ಲಿ ಹೆಸರು ಕರೆದ್ರೆ ಓಗೊಡಬೇಡ ಅಂತ ನಾನೇ ಹೇಳ್ಕೊಟ್ಟಿದ್ದೀನಿ ಅಜ್ಜಿ. ಮುಳುಗಿ ಸತ್ತೋರು ಅಮ್ಮನ ದನೀಲೇ ಕರೀತಾರೆ ಅಂತ."

"ಊರಲ್ಲಿ ಯಾವ ಮಗೂನೂ ತಾಯಿ ಮಾತು ಕೇಳಲ್ಲ. ನಿನ್ನ ಮಗಳು ಇವತ್ತೇ ಕೇಳ್ಬೇಕಿತ್ತಾ!" ಅಜ್ಜಿ ಜೋರಾಗಿ ಹುಟ್ಟೆಳೆದಳು. "ಕ್ವಾನ್ ಆಮ್ ತಾಯಿ ಹೆಸರು ಹೇಳೇ. ದೆವ್ವಕ್ಕೆ ಅದು ಬರಲ್ಲ."

ಲೋಕದ ಅಳುವನ್ನೆಲ್ಲ ಕೇಳಿಸಿಕೊಳ್ಳುವ ಆ ಕರುಣೆಯ ದೇವಿಯ ಹೆಸರು ನೀರಿನ ದೆವ್ವಗಳ ನಾಲಿಗೆಗೆ ಹತ್ತುವುದಿಲ್ಲ. ಇದು ನಮ್ಮ ಮಕ್ಕಳಿಗೂ ಗೊತ್ತು.

"ಕ್ವಾನ್ ಆಮ್ ತಾಯೀ!" ಎಂದೆ.

ಮಂಜಿನೊಳಗಿಂದ ಸಣ್ಣ ದನಿ ಬಂತು. "ಪೂರ್ತಿ ಹೇಳು!"

ದಿನಾ ಸಂಜೆ ಊದುಬತ್ತಿ ಹಚ್ಚಿ ಹೇಳುವ, ತಾಯಿಯ ಪೂರ್ತಿ ಹೆಸರಿನ ಸಾಲು. ಬಾಯಿಗೆ ಬರಲೇ ಇಲ್ಲ. ಇಂಜಿನ್ ಎದೆಯೊಳಗೇ ಬಡಿಯುತ್ತಿದ್ದಂತಿತ್ತು. "ನಮೋ... ಮಹಾ... ನಮೋ..."

"ನೀನು ಅಮ್ಮ ಅಲ್ಲ! ದೆವ್ವ!" ಮಗು ಕಿಟಾರನೆ ಕಿರುಚಿ ಅಳತೊಡಗಿತು.

ಆ ಅಳುವೇ ನಮಗೆ ದಾರಿಯಾಯಿತು. ಅಜ್ಜಿ ಅದರತ್ತಲೇ ದೋಣಿ ನುಗ್ಗಿಸಿದಳು. ನಾನು ಬಾಗಿ ದಿಯೆಪ್‌ಳ ರಟ್ಟೆ ಹಿಡಿದು ಎಳೆದುಕೊಂಡೆ. ಅವಳು ನನ್ನ ಕೈಗೆ ಹಲ್ಲು ನೆಟ್ಟಳು. ಕಪ್ಪು ಗೋಡೆಯಂಥದ್ದೊಂದು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಖಾಲಿ ದೋಣಿ ಪಟಪಟನೆ ಮುರಿದ ಸದ್ದು ಕೇಳಿಸಿತು.

ಅಜ್ಜಿ ಏದುಸಿರು ಬಿಡುತ್ತಲೇ ಆ ಸಾಲನ್ನು ಪೂರ್ತಿ ಹೇಳಿದಳು. ಆಮೇಲಷ್ಟೇ ಮಗು ಕಚ್ಚಿದ ಹಲ್ಲು ಬಿಟ್ಟಿತು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿತು.

"ಅಮ್ಮಾ, ದೆವ್ವಕ್ಕೆ ಆ ಹೆಸರೇ ಬರಲ್ವಲ್ಲ. ಮತ್ತೆ ಅದು ಅತ್ರೆ ಯಾರು ಕೇಳಿಸ್ಕೋತಾರೆ?"

ಅಜ್ಜಿಯ ಹುಟ್ಟು ನೀರಿನಲ್ಲೇ ನಿಂತಿತು. ಸುತ್ತಲೂ ಮಂಜು ಹಾಗೇ ಇತ್ತು.

"ಮೆಲ್ಲಗೆ ಮಾತಾಡು," ಎಂದೆ ನಾನು.